ಕಿಡಿ ಹಿಡಿದ ಕೈ

ಗ್ಯಾಸ್ ಒಲೆಗೆ ಲೈಟರ್ ಒತ್ತುವಾಗ ಇಂದಿಗೂ ಮುಖವನ್ನು ಗೋಡೆಯ ಕಡೆ ತಿರುಗಿಸುವವಳು ನಾನು. ಕಾನ್ವೆಂಟಿನಲ್ಲಿ ವಿಜ್ಞಾನದ ಸಿಸ್ಟರ್ ವಿದ್ಯುತ್ ಕಿಡಿ ಹಾರಿಸಿ ತೋರಿಸಿದಾಗ ಕಣ್ಣು ಮುಚ್ಚಿ ಕೂತು, ಆಮೇಲೆ ಪಕ್ಕದವಳನ್ನು ನೋಡಿ ‘ನೀಲಿ ಬಣ್ಣ ಕಂಡಿತು’ ಎಂದು ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು!

ಅಂಥವಳ ಕೈಗೆ ಈಚೆಗೆ ಮೋಟರ್‌ಸೈಕಲ್ಲಿನ ಕಿಡಿ ಬಂತು. ವಿದ್ಯಾನಗರದ ಆಸ್ಪತ್ರೆಯಲ್ಲಿ ಹತ್ತು ಗಂಟೆಗೆ ಅವ್ವನ ಕಣ್ಣಿನ ಆಪರೇಷನ್. "ನೀ ಬರೂತನಕಾ ನಾ ಒಳಗ ಹೋಗಂಗಿಲ್ಲ ನೋಡು" ಎಂದು ಫೋನಿನಲ್ಲೇ ಹಟ ಹಿಡಿದಿದ್ದಳು. ನಾನೂ ನಮ್ಮ ಮನೆಯವರೂ ಧಾರವಾಡದಿಂದ ಹೊರಟು ರಾಯಾಪುರ ದಾಟುವಷ್ಟರಲ್ಲಿ ಗಾಡಿ ಎರಡು ಸಲ ಬಿಕ್ಕಿ ನಿಂತೇಬಿಟ್ಟಿತು. ಆಗಲೇ ಒಂಬತ್ತೂವರೆ. ಕೈ ಮಾಡಿದರೆ ಒಂದು ಆಟೋನೂ ನಿಲ್ಲಲಿಲ್ಲ. ಲಾರಿಗಳು ಮಾತ್ರ ಸೆರಗು ಎಳೆದುಕೊಂಡು ಹೋಗುವಷ್ಟು ಹತ್ತಿರ ಹಾಯುತ್ತಿದ್ದವು.

ಇವರು ಪೆಟ್ರೋಲ್ ನೋಡಿದರು, ಇತ್ತು. ಹ್ಯಾಂಡಲ್ಲಿನ ಕೆಂಪು ಸ್ವಿಚ್ಚೂ ಸರಿ ಇತ್ತು. "ಹಂಗಾರ ಕಿಡೀನ ಬರವಲ್ದು" ಎಂದರು. ಇಂಜಿನ್ನಿನೊಳಗೆ ಅಯಸ್ಕಾಂತ ತಿರುಗಿ ಕರೆಂಟು ಹುಟ್ಟುತ್ತದಂತೆ. ಪುಟ್ಟ ಡಬ್ಬಿಯೊಂದು ಅದನ್ನು ತಡೆದಿಟ್ಟು ಸರಿಯಾದ ಗಳಿಗೆಗೆ ಬಿಡುತ್ತದಂತೆ. ಕಾಯಿಲ್ ಎಂಬ ತಂತಿಯ ಸುರುಳಿ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿದರೆ, ಪ್ಲಗ್ಗಿನ ತುದಿಯ ಉಗುರಿನಷ್ಟು ತೆಳು ಸಂದಿಯಲ್ಲಿ ಕಿಡಿ ಜಿಗಿಯುತ್ತದಂತೆ. ಸಾವಿರಾರು ಎಂದಾಗಲೇ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

ಪ್ಲಗ್ಗಿನ ಮೇಲಿನ ರಬ್ಬರ್ ಟೊಪ್ಪಿಗೆ ಕಿತ್ತಾಗ ಒಳಗಿಂದ ನೀರು ತೊಟ್ಟಿಕ್ಕಿತು.

"ಇದಕ್ಕ ಜಳಕಾ ಯಾರ ಮಾಡಿಸ್ಯಾರ?"

ನಾನೇ. ದಸರೆಯಲ್ಲಿ ಗಾಡಿಗೆ ಮಾಡಿದ ಖಂಡೇ ಪೂಜೆಯ ವಿಭೂತಿ, ಕುಂಕುಮ ಅದರ ಮೇಲೆ ಒಣಗಿ ಕೂತಿದ್ದವು. ಆಸ್ಪತ್ರೆಗೆ ಹೊಲಸು ಗಾಡಿ ಯಾಕೆಂದು ಬೆಳಿಗ್ಗೆ ಪೈಪು ಹಿಡಿದು, ಸಂದಿಗೊಂದಿ ಬಿಡದೆ ತೊಳೆದಿದ್ದೆ. ನೀರು ಕಿಡಿಯ ದಾರಿ ತಪ್ಪಿಸುತ್ತದೆಂದು ಯಾರು ಕಂಡಿದ್ದರು?

ಇವರು ಟೊಪ್ಪಿಗೆ ಒರೆಸಿದರು. ಸುಡುವ ಪ್ಲಗ್ಗನ್ನು ಸ್ಪ್ಯಾನರಿನಿಂದ ಸಡಿಲಿಸಿ, ಚಿಂದಿಯಿಂದ ಹಿಡಿದು ಬಿಚ್ಚಿ, ಒಣಗಿಸಿ, ಮತ್ತೆ ಟೊಪ್ಪಿಗೆಗೆ ಸಿಕ್ಕಿಸಿ ನನ್ನತ್ತ ಚಾಚಿದರು. "ರಬ್ಬರ್ ಅಷ್ಟ ಹಿಡಿ. ಪ್ಲಗ್ಗಿನ ಕಬ್ಬಿಣ ಇಂಜಿನ್ನಿಗೆ ತಾಗಿರಲಿ, ಬಿಚ್ಚಿದ ತೂತಿನಿಂದ ದೂರ. ನಾ ಕಿಕ್ ಹೊಡೀತೀನಿ."

"ನನಗ ಶಾಕ್ ಹೊಡದ್ರರಿ?"

"ಕಬ್ಬಿಣ ಮುಟ್ಟಬ್ಯಾಡ, ಹೊಡ್ಯಂಗಿಲ್ಲ. ಕಣ್ಣರ ತಗಿಯವಾ ತಾಯಿ, ಕಿಡಿ ನೋಡಾಕೀನ ನೀನು!"

ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಅವ್ವನದೇ ಇರಬೇಕು. ಕಣ್ಣು ತೆರೆದೆ. ಚಟ್! ನೀಲಿ. ಖರೇ ನೀಲಿ.

ಪ್ಲಗ್ ಕೂರಿಸಿದ ಮೇಲೆ ಮೂರನೇ ಕಿಕ್ಕಿಗೆ ಗಾಡಿ ಶುರುವಾಯಿತು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅವ್ವ ಗೋಡೆ ಹಿಡಿದು ನಿಂತಿದ್ದಳು. ನನ್ನ ಕೈ ಹಿಡಿದವಳು ತಟ್ಟನೆ ನನ್ನ ಮುಖ ನೋಡಿದಳು. ಕೈ ಇನ್ನೂ ಗಡಗಡ ನಡುಗುತ್ತಿತ್ತು.

"ಅಯ್ಯ ಹುಚ್ಚಿ, ಇಷ್ಟ ಹೆದರ್ತಾರೇನ? ಕಣ್ಣಿಂದಷ್ಟ ಐತಿ. ಇಲ್ಲೇ ಕುಂದ್ರು, ಹೋಗಿ ಬರ್ತೀನಿ" ಎಂದವಳೇ ನರ್ಸಮ್ಮನಿಗಿಂತ ಮುಂದಾಗಿ ಒಳಗೆ ನಡೆದಳು.

ಆ ನಡುಕ ಪ್ಲಗ್ಗಿನದೆಂದು ಅವಳಿಗೆ ನಾನು ಇನ್ನೂ ಹೇಳಿಲ್ಲ.