ಬಾಲದ ಮೇಲಿನ ಒಂಬತ್ತು ಗೆರೆಗಳು

ಫಿನ್‌ಲೆಂಡಿನ ಆಕಾಶದಲ್ಲಿ ಕಾದಾಡಿ ಹೆಸರು ಮಾಡಿದವರು ಹಲವರುಂಟು; ಆ ಹೆಸರನ್ನು ತಲೆಗೇರಿಸಿಕೊಳ್ಳದವರು ಕೆಲವರೇ. ಆ ಕೆಲವರಲ್ಲಿ ಮೇಜರ್ ಉರ್ಹೊ ಕನೇರ್ವ ಅವರಿಗೆ ಅಗ್ರಸ್ಥಾನ. ವಾಯುಪಡೆಯ ಹಾರಾಟದ ಶಾಲೆಯಿಂದ ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರಿಂದ ಬೈಸಿಕೊಳ್ಳದೆ ಇಲ್ಲಿ ಯಾರೂ ಪೈಲಟ್ ಆದದ್ದಿಲ್ಲ.

ಕಮ್ಮಾರನ ಮಗನಾದ ಕನೇರ್ವ ಅವರಿಗೆ ಯುದ್ಧದ ಹೊತ್ತಿಗೆ ಒಲಿದದ್ದು ದುಂಡು ಹೊಟ್ಟೆಯ ಬ್ರೂಸ್ಟರ್ ವಿಮಾನ. ಕೆಡವಿದ ಒಂದೊಂದು ವಿಮಾನಕ್ಕೂ ಅದರ ಬಾಲದ ಮೇಲೆ ಒಂದೊಂದು ಬಿಳಿ ಗೆರೆ. ಒಂಬತ್ತಾಗಿದ್ದವು. ಹತ್ತನೆಯದರ ಆಸೆ ಅವರಿಗೂ ಬಹಳವಿತ್ತು. ಮೆಕ್ಯಾನಿಕ್ ಆಹ್ತಿಗೆ ಎಷ್ಟು ನಂಬಿಕೆಯೆಂದರೆ, ಒಂದು ದಿನ ಬೆಳಿಗ್ಗೆ ವಿಮಾನ ಏರುವ ಮೊದಲೇ ಹತ್ತನೆಯ ಗೆರೆಯನ್ನೂ ಬಳಿದುಬಿಟ್ಟಿದ್ದ.

ಕಡಲಿನ ಮೇಲೆ ಶತ್ರುವಿನ ಬಾಂಬರ್ ಹೊಗೆ ಕಾರುತ್ತ ಎದುರಿಗೇ ಇತ್ತು. ಅಷ್ಟರಲ್ಲಿ ಹಿಂದೆ ಹಾರುತ್ತಿದ್ದ ಜೊತೆಗಾರ ಸುಲೊ ಪಿಹ್ಲಾಯನ ಬೆನ್ನಿಗೆ ಶತ್ರುವಿನ ಇನ್ನೊಂದು ವಿಮಾನ ಬಿದ್ದಿತು. ಕನೇರ್ವ ಬಾಂಬರನ್ನು ಬಿಟ್ಟು ಹಿಂದಿರುಗಿದರು, ಉಳಿದ ಗುಂಡುಗಳನ್ನೆಲ್ಲ ಸುರಿದು ಅದನ್ನು ಓಡಿಸಿ ಸುಲೊನನ್ನು ಬಿಡಿಸಿಕೊಂಡು ಬಂದರು. ಇಳಿದವರೇ ಹಸಿ ಆರದ ಗೆರೆಯನ್ನು ತಾವೇ ಚಾಕುವಿನಿಂದ ಕೆರೆದು ತೆಗೆದರು.

ಸೌನಾ ಎಂಬ ಹಬೆಸ್ನಾನದ ಕೋಣೆಯ ಬಾಗಿಲಲ್ಲಿ ಬಟ್ಟೆಯೊಡನೆ ಪದವಿಯನ್ನೂ ಕಳಚಿಡುವುದು ಇಲ್ಲಿನ ರೂಢಿ. ಅಂದು ಸಂಜೆ ಆ ಬಿಸಿ ಹಬೆಯಲ್ಲಿ ಸುಲೊ ಕನೇರ್ವ ಅವರನ್ನು ತರಾಟೆಗೆ ತೆಗೆದುಕೊಂಡ.

"ಉರ್ಹೊ, ನಿಂಗೆ ಬುದ್ಧಿ ಇದೆಯೇನೋ? ಇನ್ನೊಂದ್ಸಲ ಗುಂಡು ಹಾರಿಸಿದ್ರೆ ಅದು ಬಿದ್ದೇ ಹೋಗ್ತಿತ್ತು."

"ಬೀಳ್ತಿತ್ತು. ನೀನೂ ಬೀಳ್ತಿದ್ದೆ."

"ನಾನು ಹೇಗೋ ತಪ್ಪಿಸ್ಕೋತಿದ್ದೆ."

"ಕತ್ತು ತಿರುಗಿಸಿ ನೋಡೋಕೂ ಸೋಮಾರಿ ನೀನು. ಹತ್ತನೇದು ತಪ್ಪಿತಲ್ಲ ಅಂತ ಹೊಟ್ಟೆ ಉರೀತಿದೆ ಕಣೋ, ಸುಳ್ಳು ಯಾಕೆ ಹೇಳ್ಲಿ? ಬಾಯಿ ಮುಚ್ಕೊಂಡು ಕಾದ ಕಲ್ಲಿಗೆ ನೀರು ಹಾಕು."

ಹತ್ತನೆಯದು ಮತ್ತೆ ಒದಗಲೇ ಇಲ್ಲ. ಯುದ್ಧ ಮುಗಿದ ಮೇಲೆ ಶಾಲೆಗೆ ಬಂದ ಕನೇರ್ವ ತಮ್ಮ ಶಿಷ್ಯರಿಗೆ ಮೊದಲು ಕಲಿಸಿದ್ದು ಕತ್ತು ತಿರುಗಿಸುವುದನ್ನು, ಗುರಿಯಿಡುವುದೇನಿದ್ದರೂ ಆಮೇಲೆ. ಶಿಷ್ಯರು ಬೆನ್ನ ಹಿಂದೆ ಅವರನ್ನು ಗೂಬೆಯೆಂದು ಕರೆಯುತ್ತಿದ್ದರು. ಅದು ಗೊತ್ತಿದ್ದೂ ಅವರು ಗೊತ್ತಿಲ್ಲದವರಂತೆ ಇರುತ್ತಿದ್ದರು.

ಕಳೆದ ವಾರದ ಬೀಳ್ಕೊಡುಗೆಗೆ ಸುಲೊನ ತಾಯಿ ಹಿಲ್ಮಾ ಒಬ್ಬರೇ ಬಸ್ಸು ಹಿಡಿದು ಬಂದಿದ್ದರು. ಭಾಷಣಗಳು ಮುಗಿದ ಮೇಲೆ ಎದ್ದು ಹೋಗಿ ಕನೇರ್ವ ಅವರ ಕೈ ಹಿಡಿದುಕೊಂಡರು.

"ಯುದ್ಧದಾಗ ನಮ್ಮ ಬೀದಿಯ ತಾಯಂದ್ರಿಗೆಲ್ಲ ಮಗ ತೀರಿಹೋದ ಅಂತ ಸೇನೆಯ ಅಧಿಕಾರಿಗಳಿಂದ ಕಾಗದ ಬಂತು. ನಂಗೆ ಮಾತ್ರ ನಿಮ್ಮಿಂದ ಬರಲೇ ಇಲ್ಲ. ಅದಕ್ಕೇ ನಿಮ್ಮನ್ನ ನೋಡಿ ಹೋಗೋಣ ಅಂತ ಬಂದೆ."

ಆ ತಾಯಿಯ ಮಾತಿನ ಮುಂದೆ ಶಿಷ್ಯರಾದ ನಮ್ಮ ಹಾರೈಕೆ ಸಣ್ಣದು. ಆದರೂ ಹೇಳುತ್ತೇವೆ: ಕನೇರ್ವ ಅವರು ಬಹುಕಾಲ ಬಾಳಲಿ, ನಮ್ಮನ್ನು ಬೈಯುತ್ತಲೇ ಇರಲಿ.