ಅತ್ತೆಯ ಕೈ, ಡಾಕ್ಟರ ಛತ್ರಿ

ಬೆಳಕವಾಡಿಯ ನಮ್ಮ ಸೋದರತ್ತೆಯ ಮನೆಯಲ್ಲಿ ಮುದ್ದೆ ನಿಂತುಹೋಗಿದೆ. ಬೀದಿಗೆ ಬೀದಿಯೇ ತತ್ತರಿಸಿದೆ. ಮುದ್ದೆ ತೊಳಸಲು ಎರಡೂ ಕೈಯ ಬಲ ಬೇಕು. ಲಕ್ವ ಹೊಡೆದು ಅತ್ತೆಯ ಬಲಗೈ ಸೋತಿದೆ. ಅನ್ನವೇ ಗತಿ.

ಕೈ ಎಷ್ಟು ಸೋತಿದೆಯೆಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಅಂಗವಿಕಲರ ಪಿಂಚಣಿ. ಅದು ಬಾರದಿದ್ದರೆ ಅತ್ತೆಗೆ ಮಾತ್ರೆಗೂ ದಾರಿಯಿಲ್ಲ. ಮಳವಳ್ಳಿಯ ತಪಾಸಣಾ ಶಿಬಿರಕ್ಕೆ ಕರೆದೊಯ್ದೆ.

"ಮನೇಲಿ ಅಡುಗೆ ಯಾರಮ್ಮ ಮಾಡೋದು?" ಎಂದರು ಡಾಕ್ಟರು.

"ಇನ್ಯಾರು ಮಾಡಾರು? ನಾನೇ ಕಣಪ್ಪ. ಎಲ್ಲಾ ಮಾಡ್ತೀನಿ."

ಪಿಂಚಣಿ ಕೈತಪ್ಪುವುದು ಕಂಡು ನಾನು ಬಾಯಿ ಹಾಕಿದೆ. "ಅತ್ತೆ, ಮುದ್ದೆ?"

"ನೀ ಸುಮ್ಕಿರ್ಲಾ! ಇವತ್ತಲ್ಲ ನಾಳೆ ಅದ್ನೂ ಮಾಡ್ತೀನಿ."

ಡಾಕ್ಟರು ಹನಕೆರೆಯವರು, ಮುದ್ದೆ ಉಂಡೇ ಬೆಳೆದವರು. ಮುದ್ದೆಯ ಮಾತು ಬಂದದ್ದೇ ಪೆನ್ನು ಕೆಳಗಿಟ್ಟರು. ಕಸದ ಬುಟ್ಟಿಯನ್ನು ಅತ್ತೆಯ ಮುಂದಿಟ್ಟು, ತಮ್ಮ ಛತ್ರಿ ಕೊಟ್ಟು, "ಇದೇ ಪಾತ್ರೆ, ಇದೇ ಕೋಲು. ತೊಳಸಿ ನೋಡಾಣ" ಎಂದರು.

ಅತ್ತೆ ಸೆರಗು ಸಿಕ್ಕಿಸಿ, ಬುಟ್ಟಿಯನ್ನು ಪಾದಗಳ ನಡುವೆ ಒತ್ತಿ ಹಿಡಿದರು. ಛತ್ರಿ ಜಾರಿಬಿತ್ತು. ಹಲ್ಲು ಕಚ್ಚಿ ಮತ್ತೆ ಹಿಡಿದರು, ಮತ್ತೆ ಬಿತ್ತು.

"ಈ ಕೋಲು ಸರಿಯಿಲ್ಲ ಕಣಪ್ಪ. ಬೇರೆ ಕೊಡು."

ಡಾಕ್ಟರು ಆಗಲೇ ಬರೆಯುತ್ತಿದ್ದರು.

ಪಿಂಚಣಿ ಮಂಜೂರಾಯಿತು. ಮೊದಲ ತಿಂಗಳ ದುಡ್ಡಿನಲ್ಲಿ ಅತ್ತೆ ಮಾತ್ರೆಯ ಜೊತೆಗೆ ಹೊಸ ಮುದ್ದೆಕೋಲನ್ನೂ ಕೊಂಡರು. ಮನೆಯಲ್ಲಿ ಈಗಲೂ ಅನ್ನವೇ.