ಅವ್ವನ ಕಣ್ಣಿಗೆ ಬಾತುಕೋಳಿ ಪರೀಕ್ಷೆ

ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ನಮ್ಮ ಗುಂಪಿನಲ್ಲಿ ನಡೆಯುವುದು ಒಂದೇ ಜಗಳ. ಹಳೆಯ ವಿಡಿಯೋ ಗೇಮುಗಳಲ್ಲಿ ಯಾವುದಕ್ಕೆ ಮತ್ತೆ ಜೀವ ಕೊಡಬೇಕು? ನಲವತ್ತು ದಾಟಿದ, ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಗಂಡಸರು ನಾವು. ಒಬ್ಬನಿಗೆ ಇಟ್ಟಿಗೆ ಗೋಡೆಯ ಹಿಂದಿನ ಹದ್ದನ್ನು ಕಾಯುವ ಟ್ಯಾಂಕಿನ ಆಟ ಬೇಕು. ಇನ್ನೊಬ್ಬನಿಗೆ ಬೈಕಿನಲ್ಲಿ ಹೋಗುತ್ತಾ ಪಕ್ಕದವನಿಗೆ ಸರಪಳಿಯಲ್ಲಿ ಬಾರಿಸುವ ಆಟ. ಮನೆಯಲ್ಲಿ ಹೆಂಡತಿಗೆ ಎದುರಾಡದವನಿಗೆ ಇಂಥದ್ದೇ ಬೇಕಾಗುತ್ತದೆ. ನನ್ನ ಓಟು ಮಾತ್ರ ಯಾವಾಗಲೂ ಬಾತುಕೋಳಿ ಆಟಕ್ಕೆ. ಪ್ಲಾಸ್ಟಿಕ್ ಬಂದೂಕನ್ನು ಟಿವಿಗೆ ಗುರಿಯಿಟ್ಟು ಹಾರುವ ಬಾತುಗಳನ್ನು ಹೊಡೆಯುವುದು, ತಪ್ಪಿದರೆ ಹುಲ್ಲಿನ ಹಿಂದಿನಿಂದ ಒಂದು ನಾಯಿ ಎದ್ದು ನಮ್ಮನ್ನು ನೋಡಿ ನಗುವುದು. ಅದು ಮಕ್ಕಳಾಟ ಎಂದು ಮಿಕ್ಕವರು ಕಿಚಾಯಿಸುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಆಡುತ್ತಿದ್ದದ್ದು ಮಕ್ಕಳಲ್ಲ, ನಮ್ಮವ್ವ.

ನಾನು ಹೈಸ್ಕೂಲಿನಲ್ಲಿದ್ದಾಗ ಮಳವಳ್ಳಿ ಕಡೆಯ ನನ್ನ ಸೋದರಮಾವ, ಬಂಡೂರು ತಳಿಯ ಟಗರೊಂದು ಒಳ್ಳೆಯ ಬೆಲೆಗೆ ಹೋದ ಖುಷಿಯಲ್ಲಿ, ದುದ್ದದ ಹತ್ತಿರದ ನಮ್ಮ ಊರಿಗೆ ಆ ಗೇಮಿನ ಡಬ್ಬ ತಂದುಕೊಟ್ಟರು. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರಕ್ಕೂ ಹೆಚ್ಚು ಆಟಗಳಿವೆ ಎಂದು ಬರೆದಿತ್ತು. ಒಳಗಿದ್ದದ್ದು ಎಂಟು. ಅವ್ವ ಬೆಳಿಗ್ಗೆ ಒಲೆಯ ಮೇಲೆ ಎಸರಿಟ್ಟು ಬಂದು ಕೂರುತ್ತಿದ್ದಳು. ಎಸರು ಕುದಿಯುವಷ್ಟರಲ್ಲಿ ಹತ್ತು ಬಾತು ಬಿದ್ದಿರುತ್ತಿದ್ದವು. ಅಪ್ಪನ ಹತ್ತಿರ ಕಬ್ಬಿಗೆ ಬರುವ ಹಂದಿ ಓಡಿಸಲು ಲೈಸೆನ್ಸಿನ ಕೋವಿಯಿತ್ತು, ಆದರೆ ಮನೆಯಲ್ಲಿ ಗುರಿಕಾರ್ತಿ ಯಾರೆಂಬುದು ಹಂದಿಗಳಿಗೂ ಗೊತ್ತಿತ್ತು.

ಒಮ್ಮೆ ಚುನಾವಣೆ ಬಂತು. ಕೋವಿ ಇರುವವರೆಲ್ಲ ಠಾಣೆಗೆ ತಂದೊಪ್ಪಿಸಬೇಕು ಎಂದು ಎಂದಿನಂತೆ ಹೇಳಿಕಳಿಸಿದರು. ಅಪ್ಪ ತಮ್ಮದನ್ನು ಕೊಟ್ಟು ರಸೀದಿ ತಂದರು. ಅವ್ವ ತನ್ನ ಪ್ಲಾಸ್ಟಿಕ್ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ಪೀಪಾಯಿಯ ತಳಕ್ಕೆ ಸೇರಿಸಿಬಿಟ್ಟಳು. ಅದಕ್ಕೆ ಯಾರೂ ಬರುವುದಿಲ್ಲ ಎಂದು ನಾನೆಷ್ಟು ಹೇಳಿದರೂ ಕೇಳಲಿಲ್ಲ.

“ಕೋವಿ ಅಂದ್ರೆ ಕೋವಿಯೇ ಕಣ್ಲಾ. ಕೊಟ್ರೆ ವಾಪ್ಸು ಕೊಟ್ಟಾರೇನ್ಲಾ? ಅವ್ರ ಮನೇಲೂ ಟಿವಿ ಇಲ್ವಾ?”

ಎಣಿಕೆ ಮುಗಿದು ಗೆದ್ದವರ ಪಟಾಕಿ ಸದ್ದು ಅಡಗಿದ ಮೇಲೆಯೇ ಅದು ಆಚೆಗೆ ಬಂದದ್ದು. ಆಮೇಲೆ ಪ್ರತಿ ಚುನಾವಣೆಗೂ ಹೀಗೆಯೇ ನಡೆಯಿತು. ಅಪ್ಪ ಹೋದರು, ಅವರ ಕೋವಿಯೂ ಹೋಯಿತು. ಪೀಪಾಯಿಯ ಕೋವಿ ಉಳಿಯಿತು.

ಈ ವರ್ಷ ಅವ್ವನ ಎರಡೂ ಕಣ್ಣಿಗೆ ಪೊರೆ ಬಂತು. ಮಂಡ್ಯದ ಆಸ್ಪತ್ರೆಯೊಂದರಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣನ್ನು ತಡ ಮಾಡಬೇಡಿ, ಪೊರೆ ಗಟ್ಟಿಯಾದರೆ ಕಷ್ಟ ಎಂದು ಡಾಕ್ಟರು ಸೋಮವಾರಕ್ಕೆ ಬರಹೇಳಿದರು. ಅವ್ವ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನಾ ಬರಾಕಿಲ್ಲ. ಮಾಡಿರೋ ಕಣ್ಣೇ ನೆಟ್ಗದೋ ಇಲ್ವೋ ಗೊತ್ತಿಲ್ಲ.”

“ಡಾಕ್ಟ್ರು ಬೆರಳು ತೋರ್ಸುದ್ರು, ನೀನೂ ಸರಿಯಾಗೇ ಏಳ್ದೆ ಅಲ್ವವ್ವ?”

“ಬೆರಳು ಎಣ್ಸಾದೂ ಒಂದ್ ಪರೀಕ್ಷೆಯೇನ್ಲಾ? ಐದ್ರ ಮ್ಯಾಕೆ ಎಲ್ಲಿಂದ ತಂದಾರು? ನನ್ ಬಾತುಕೋಳಿ ಆಟ ಆಕು. ಒಡ್ದು ಉರುಳ್ಸುದ್ರೆ ಬತ್ತೀನಿ.”

ಇಷ್ಟೇನಾ ಎಂದುಕೊಂಡು ಅಟ್ಟದಿಂದ ಡಬ್ಬ ಇಳಿಸಿದೆ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿದೆ, ಹೊಸ ಚಪ್ಪಟೆ ಟಿವಿಗೆ ಜೋಡಿಸಿದೆ. ಆಟ ಬಂತು, ಬಾತು ಹಾರಿತು, ಅವ್ವ ಬಂದೂಕಿನ ಕುದುರೆ ಎಳೆದಳು. ಒಂದೂ ಬೀಳಲಿಲ್ಲ. ನಾಯಿ ಎದ್ದು ನಕ್ಕಿತು. ಅವ್ವ ಬಂದೂಕು ಕೆಳಗಿಟ್ಟು, “ಓಯ್ತು ಕಣ್ಲಾ ನನ್ ಕಣ್ಣು. ಆ ಡಾಕ್ಟ್ರು ಕೆಡುಸ್ಬುಟ್ಟವ್ನೆ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಹೊಡೆದು ತೋರಿಸಿದೆ. ನನ್ನದೂ ಒಂದೂ ಬೀಳಲಿಲ್ಲ. “ನೀನ್ಯಾವತ್ತು ಒಡ್ದಿದ್ದೆ?” ಎಂದಳು. ಅದು ಸತ್ಯವಾದ್ದರಿಂದ ಟಿವಿ ಆರಿಸಿದೆ.

ಮಾರನೆಯ ದಿನವೇ ಮಂಡ್ಯಕ್ಕೆ ಹೋಗಿ, ನಮ್ಮ ಹಳೆಯ ಟಿವಿಗಳನ್ನೆಲ್ಲ ರಿಪೇರಿ ಮಾಡಿದ್ದ ಸಾಬರ ಅಂಗಡಿಯಲ್ಲಿ ಬಂದೂಕು ತೋರಿಸಿ, ಅವ್ವನ ಕಣ್ಣಿನ ಕಥೆ ಹೇಳಿದೆ. ಅವರು ಬಂದೂಕಿನ ಮೂತಿಯೊಳಗೆ ಇಣುಕಿ ನಕ್ಕರು.

“ಅಮ್ಮಾರ ಕಣ್ಣು ಚೆನ್ನಾಗೇ ಐತೆ ಸಾರ್. ಇದು ಪಿಕ್ಚರ್ ಟ್ಯೂಬಿನ ಬೆಳಕು ಮಾತ್ರ ಗುರ್ತು ಹಿಡಿಯೋದು. ಹೊಸ ಟಿವಿಗೆ ಕುರುಡು. ಡಬ್ಬಾ ಟಿವಿ ಬೇಕು.”

ನೋಡಿ, ನನ್ನ ಸಿಟ್ಟು ಇರುವುದೇ ಇಲ್ಲಿ. ಹಳೆಯ ಆಟಗಳನ್ನು ಹೊಸದು ಮಾಡುತ್ತೇವೆ ಎನ್ನುವವರು ಹುಲ್ಲಿಗೆ ಬಣ್ಣ ಬಳಿಯುತ್ತಾರೆ, ನಾಯಿಗೆ ಕೂದಲು ಅಂಟಿಸುತ್ತಾರೆ, ಆಡುವ ಮೊದಲು ಮೊಬೈಲ್ ನಂಬರು ಕೇಳುತ್ತಾರೆ. ನಮ್ಮವ್ವನ ಬಂದೂಕು ಈಗಿನ ಟಿವಿಗೆ ಗುರಿ ಹಿಡಿಯುವಂತೆ ಮಾಡಿಕೊಡಿ ಎಂದರೆ ಯಾರೂ ಇಲ್ಲ. ಸಾಬರು ಅಟ್ಟದ ಮೂಲೆಯಿಂದ ಒಂದು ದಪ್ಪ ಟಿವಿ ಇಳಿಸಿ ಎರಡು ದಿನ ಇಟ್ಟುಕೊಳ್ಳಿ ಎಂದು ಕೊಟ್ಟರು. ಆಟೋದಲ್ಲಿ ಅದಕ್ಕೊಂದು ಸೀಟು, ನನಗೆ ಅರ್ಧ ಸೀಟು.

ಭಾನುವಾರ ಮಧ್ಯಾಹ್ನ ಟಿವಿ ಹಚ್ಚಿದೆ. ಆದರೆ ನನಗೆ ಒಳಗೊಳಗೇ ಭಯ. ಎಪ್ಪತ್ತರ ಕೈ ನಡುಗಿ ಅವ್ವ ಮತ್ತೆ ತಪ್ಪಿದರೆ ಸೋಮವಾರವೂ ಕೈತಪ್ಪಿದಂತೆಯೇ. ಆ ಆಟದಲ್ಲಿ ಒಂದು ಗುಟ್ಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಬಂದೂಕಿನ ಜೊತೆ ಗೇಮಿನ ರಿಮೋಟನ್ನೂ ಡಬ್ಬಕ್ಕೆ ಸಿಕ್ಕಿಸಿಟ್ಟರೆ, ಅದರ ಗುಂಡಿ ಒತ್ತಿ ಬಾತುಕೋಳಿಯನ್ನು ಬೇಕಾದ ಕಡೆ ಹಾರಿಸಬಹುದು. ಅವ್ವನ ಬೆನ್ನ ಹಿಂದೆ ಕೂತು, ರಿಮೋಟನ್ನು ಟವೆಲಿನ ಅಡಿ ಬಚ್ಚಿಟ್ಟುಕೊಂಡೆ. ಅಡುಗೆಮನೆ ಬಾಗಿಲಲ್ಲಿ ನಿಂತ ನನ್ನ ಹೆಂಡತಿಗೆ ಎಲ್ಲ ಕಾಣುತ್ತಿತ್ತು. ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ.

ಅವ್ವ ಎಲ್ಲಿಗೆ ಗುರಿಯಿಟ್ಟಳೋ ಬಾತನ್ನು ಅಲ್ಲಿಗೆ ತಂದು ನಿಲ್ಲಿಸಿದೆ. ಮದುವೆ ಹೆಣ್ಣನ್ನು ಹಸೆಗೆ ಕರೆತಂದಂತೆ ಒಂದೊಂದನ್ನೇ ಕರೆತಂದೆ. ಹತ್ತಕ್ಕೆ ಹತ್ತು ಬಿದ್ದವು.

“ನೋಡ್ದಾ ಅವ್ವ? ಕಣ್ಣು ಪಸಂದಾಗದೆ. ನಾಳೆ ಒಂಟುಬುಡಾನ,” ಎಂದೆ.

ಅವ್ವ ತಿರುಗಿದಳು. ಅವಳ ಬಲಗಣ್ಣು ಬಿಗಿಯಾಗಿ ಮುಚ್ಚಿತ್ತು.

“ಯಾತುಕ್ಕೆ ಓಗ್ಬೇಕು? ಮಾಡಿರೋ ಕಣ್ಣ ಮುಚ್ಕಂಡು, ಪೊರೆ ಕಣ್ಣಲ್ಲೇ ಒಡ್ದಿವ್ನಿ ಕಣ್ಲಾ. ಅತ್ತುಕ್ಕೆ ಅತ್ತು! ಈ ಕಣ್ಗೆ ಯಾಕ್ಲಾ ಆಪ್ರೇಸನ್ನು?”

ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನಾನು ನನ್ನ ಗುಂಡಿಯನ್ನು ನಾನೇ ತೋಡಿಕೊಂಡು, ನೀಟಾಗಿ ಮಟ್ಟ ಮಾಡಿ, ಒಳಗೆ ಕೂತಿದ್ದೆ. ಬೇರೆ ದಾರಿಯಿರಲಿಲ್ಲ. ಟವೆಲು ಸರಿಸಿ ರಿಮೋಟು ತೋರಿಸಿದೆ, ಬಾತು ಹಾರಿಸಿದ್ದು ನಾನೇ ಎಂದು ಒಪ್ಪಿಕೊಂಡೆ. ಅವ್ವ ರಿಮೋಟನ್ನೂ ನನ್ನ ಮುಖವನ್ನೂ ನೋಡಿದಳು.

“ಬಡ್ಡೈದ್ನೆ, ಎತ್ತವ್ವನ್ನೇ ಆಟ ಆಡುಸ್ತೀಯಾ? ಮಡುಗ್ಲಾ ಅದ್ನ ನನ್ ಕಣ್ ಮುಂದೆ. ಕೈ ಎರಡೂ ತಲೆ ಮ್ಯಾಕೆ ಮಡಿಕ್ಕೊ.”

ಐವತ್ತರ ಹತ್ತಿರದ ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವ್ವ ಪೊರೆಯ ಕಣ್ಣಿನಲ್ಲಿ ಮತ್ತೆ ಹೊಡೆದಳು. ಒಂದೂ ಬೀಳಲಿಲ್ಲ, ನಾಯಿಗೆ ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ಆ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ಹೊಸ ಕಣ್ಣು ತೆರೆದಳು. ಮೊದಲೆರಡು ತಪ್ಪಿದವು. ಮೂರನೆಯದು ಬಿತ್ತು. ಆಮೇಲಿನವು ಒಂದರ ಹಿಂದೊಂದು ಬೀಳುತ್ತಾ ಹೋದವು, ಹತ್ತರಲ್ಲಿ ಏಳು. ನನಗೆ ಕಣ್ಣು ತುಂಬಿ ಬಂತು. ಅವ್ವನ ಮುಖದಲ್ಲಿ ಮಾತ್ರ ಅಂಥ ಆಶ್ಚರ್ಯವೇನೂ ಕಾಣಲಿಲ್ಲ. ಆಗ ನನಗೆ ಅನುಮಾನ ಬಂತು.

“ಕಣ್ಣು ಚೆನ್ನಾಗದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು. ಅಲ್ವವ್ವ?”

“ಗೊತ್ತಿಲ್ದೆ ಏನು? ಈ ಕಣ್ಣಲ್ಲೇ ರಾಗಿ ಒಳಗಿನ ಕಲ್ಲು ಆರುಸ್ತಿವ್ನಿ.”

“ಮತ್ಯಾಕೆ ಬರಾಕಿಲ್ಲ ಅಂದೆ?”

ಅವ್ವ ಬಂದೂಕಿನ ವೈರನ್ನು ನಿಧಾನಕ್ಕೆ ಸುತ್ತಿದಳು.

“ಆವತ್ತು ಆಪ್ರೇಸನ್ ಮುಗುಸಿ ಆಚೆಗೆ ತಂದು ಕುಂಡ್ರುಸುದ್ರು. ಒಂದ್ ಕಣ್ಗೆ ಪಟ್ಟಿ, ಇನ್ನೊಂದ್ ಕಣ್ ತುಂಬ ಮಂಜು. ನಿನ್ ಎಸ್ರು ಇಡ್ದು ಕೂಗ್ದೆ. ಮೂರ್ ಸಲ ಕೂಗ್ದೆ. ನೀನಿರ್ಲಿಲ್ಲ. ಎದ್ರುಕೊಂಡ್ಬುಟ್ಟೆ ಕಣಪ್ಪಾ.”

ನನಗೆ ಆ ದಿನ ನೆನಪಾಯಿತು. ಇನ್ನೂ ಹೊತ್ತಾಗುತ್ತದೆ ಎಂದುಕೊಂಡು ಟೀ ಕುಡಿಯಲು ಆಚೆ ಹೋಗಿದ್ದೆ. ಅಲ್ಲಿ ಫೋನು ಬಂತು, ನಮ್ಮ ಗುಂಪಿನವನದು, ಟ್ಯಾಂಕಿನ ಆಟ ದೊಡ್ಡದೋ ಬಾತಿನ ಆಟ ದೊಡ್ಡದೋ ಎಂದು. ಬಿಡದೆ ವಾದ ಮಾಡಿ ಗೆದ್ದು ಬಂದಿದ್ದೆ. ನಾನು ಬರುವಷ್ಟರಲ್ಲಿ ಅವ್ವ ಆಚೆ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಇದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಮವಾರ ಆಸ್ಪತ್ರೆಯಲ್ಲಿ ಬಾಗಿಲಿಗೆ ಎದುರಾದ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಫೋನು ಹೆಂಡತಿಯ ಬ್ಯಾಗಿನಲ್ಲಿತ್ತು. ಬಾಗಿಲು ತೆಗೆದಾಗಲೆಲ್ಲ ಎದ್ದು ನಿಂತೆ, ಬೇರೆ ಯಾರಾದರೂ ಬಂದರೆ ಮತ್ತೆ ಕೂತೆ. ಕೊನೆಗೆ ನರ್ಸು ಅವ್ವನ ತೋಳು ಹಿಡಿದು ಕರೆತಂದಳು. ಎಡಗಣ್ಣಿಗೆ ಪಟ್ಟಿ ಇತ್ತು. ಬಾಗಿಲಲ್ಲೇ ನಿಂತಳು, ಬಲಗಣ್ಣು ಬೆಂಚನ್ನು ಹುಡುಕಿತು.

“ಇಲ್ಲೇ ಇದ್ದೀಯಾ?”

“ಇಲ್ಲೇ ಇವ್ನಿ ಕಣವ್ವ.”

ಅವ್ವ ನನ್ನ ಪಕ್ಕ ಕೂತು, ಕೈಯನ್ನು ನನ್ನ ಕೈಯ ಮೇಲಿಟ್ಟಳು. ಅದು ತಣ್ಣಗಿತ್ತು. ಬೆಚ್ಚಗಾಗುವವರೆಗೂ ತೆಗೆಯಲಿಲ್ಲ.

“ಬೆಳಿಗ್ಗಿಂದ ಟೀ ಕುಡ್ದಿಲ್ಲ ಅಲ್ವಾ? ಓಗು, ಕುಡ್ಕಂಡ್ ಬಾ,” ಎಂದಳು. “ಈಗ ನಾನು ಕುಂತಿರ್ತೀನಿ.”